ಎರಡನೇ ಬ್ರೇಕು

ನನ್ನ ಓರಗಿತ್ತಿಯ ಚಪ್ಪಲಿಗಳಲ್ಲಿ ಯಾವಾಗಲೂ ಬಲಗಾಲಿನದೇ ಮೊದಲು ಸವೆಯುತ್ತದೆ. ಅದೂ ಹಿಮ್ಮಡಿಯಲ್ಲಲ್ಲ, ಹೆಬ್ಬೆರಳಿನ ಬುಡದಲ್ಲಿ. ಚಪ್ಪಲಿ ಹೊಲಿಯುವವನು ಒಮ್ಮೆ ಕೇಳಿಯೇಬಿಟ್ಟ, "ಏನಮ್ಮಾ, ಒಂಟಿಕಾಲಲ್ಲಿ ಕುಣೀತೀರಾ?" ನಾನು ಪಕ್ಕದಲ್ಲೇ ಇದ್ದೆ, ನಗು ತಡೆಯಲಾಗಲಿಲ್ಲ. ಅವಳು ಮಾತ್ರ ಮುಖ ಸಡಿಲಿಸದೆ, "ಇಲ್ಲಪ್ಪ, ಬೇರೆಯವರ ಗಾಡಿ ನಿಲ್ಲಿಸ್ತೀನಿ" ಅಂದಳು.

ಅವಳು ಹೇಳಿದ್ದು ನಿಜ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಿಗೊಂದು ಬ್ರೇಕು ಇದ್ದರೆ, ಪಕ್ಕದಲ್ಲಿ ಕೂತು ಕಲಿಸುವವರ ಕಾಲಿಗೆ ಇನ್ನೊಂದು ಇರುತ್ತದೆ. ಆ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅವಳು ಅರ್ಧ ಆಯಸ್ಸು ಕಳೆದಿದ್ದಾಳೆ. ಕಲಿಯುವವರಿಗೆ ಅವಳು ಮೇಡಂ. ನನಗೆ ಅಕ್ಕ. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ 'ನೀವು, ತಾವು' ಅನ್ನುತ್ತಿದ್ದೆ. ಒಂದೇ ಅಡುಗೆಮನೆಯಲ್ಲಿ ಜಗಳವಾಡಿ ಆಡಿ 'ನೀನು' ಆಯಿತು.

ಮೊದಲು ಅವಳು ಬೇಕರಿಯವರ ಬ್ರೆಡ್ ವ್ಯಾನು ಓಡಿಸುತ್ತಿದ್ದಳಂತೆ. ಎರಡು ಕಡೆಯೂ ಗೋಡೆಗೆ ಒಂದೊಂದು ಗೇಣು ಮಾತ್ರ ಜಾಗವಿದ್ದ ಓಣಿಯೊಳಗೆ ಆ ವ್ಯಾನನ್ನು ಹಿಂದುಹಿಂದಕ್ಕೆ ನುಗ್ಗಿಸುವುದನ್ನು ಡ್ರೈವಿಂಗ್ ಸ್ಕೂಲಿನ ಮಾಲೀಕ ಕಂಡು, ಅಲ್ಲೇ ನಿಲ್ಲಿಸಿ ಕೆಲಸಕ್ಕೆ ಕರೆದನಂತೆ. ಆ ಸ್ಕೂಲಿನಲ್ಲಿ ಬೇರೆ ಮೇಷ್ಟ್ರುಗಳೂ ಇದ್ದಾರೆ, ಎಲ್ಲರೂ ಗಂಟಲು ಹರಿದುಕೊಳ್ಳುವವರೇ. "ಕ್ಲಚ್! ಕ್ಲಚ್ ಅಂದೆ! ಕಿವಿ ಕೇಳಲ್ವಾ?" ಎಂದು ಅವರು ಬೊಬ್ಬೆ ಹೊಡೆಯುವುದು ರಸ್ತೆಯಾಚೆಯ ಅಂಗಡಿಗೂ ಕೇಳುತ್ತದೆ. ಅಕ್ಕ ಹಾಗಲ್ಲ. "ಮುಂದೆ ನೋಡು, ಅಷ್ಟೇ" ಅನ್ನುತ್ತಿದ್ದಳು. ಅವಳ ಕಾಲು ಬ್ರೇಕಿನ ಮೇಲೆ ತೇಲುತ್ತಿತ್ತೇ ಹೊರತು ಮುಟ್ಟುತ್ತಿರಲಿಲ್ಲ. ಇನ್ನೇನು ಆಗೇಹೋಯಿತು ಅನ್ನುವ ಗಳಿಗೆಯಲ್ಲಿ ಮಾತ್ರ ಒಂದು ಸಣ್ಣ ಒತ್ತು. ಎಷ್ಟೋ ಜನರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. "ಗೊತ್ತಾಗಬಾರದು ಕಣೇ, ಗೊತ್ತಾದ್ರೆ ಅವರು ಕಲಿಯೋದೇ ಇಲ್ಲ" ಎಂದು ಪಾತ್ರೆ ತೊಳೆಯುತ್ತಾ ಹೇಳುತ್ತಿದ್ದಳು. ನಾನು ಹೊಲಿಗೆಯವಳು, ಮನೆಯಲ್ಲೇ ಕೂತು ಪರದೆ, ಯೂನಿಫಾರಂ ಹೊಲಿಯುತ್ತೇನೆ. ಕಾಲಿನ ಕೆಲಸ ನನಗೂ ಸ್ವಲ್ಪ ಅರ್ಥವಾಗುತ್ತದೆ.

ಇಂಥ ಕಾಲಿಗೆ ಒಂದು ಪ್ಲಾಸ್ಟಿಕ್ ಚೀಲದಿಂದ ಗ್ರಹಚಾರ ಬಂತು.

ಅಂದು ಸ್ಟೀರಿಂಗ್ ಹಿಡಿದಿದ್ದವಳು ಒಬ್ಬ ನರ್ಸು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ಕಟ್ಟುವ, ಸೂಜಿ ಹಾಕುವ ಕೆಲಸ ಅವಳದು. ಲೈಸೆನ್ಸ್ ಇದ್ದರೆ ಗುಡ್ಡದ ಆಚೆಯ ಮನೆಗಳಿಗೆ ಆಸ್ಪತ್ರೆಯವರು ಕಾರು ಕೊಡುತ್ತಾರೆಂದು ಕಲಿಯಲು ಬಂದಿದ್ದಳು. ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಚೆನ್ನಾಗಿಯೇ ಇಳಿಸುತ್ತಿದ್ದಳು. ಗಾಳಿಗೆ ಬಿಳಿಯದೇನೋ ಚಕ್ರದ ಮುಂದೆ ಹಾರಿತು. ಮಗುವೋ ಏನೋ ಅಂದುಕೊಂಡು ಅಕ್ಕ ಇದ್ದಬದ್ದ ಬಲವನ್ನೆಲ್ಲ ಹಾಕಿ ಬ್ರೇಕು ತುಳಿದಳು. ಹಿಂದೆ ಬರುತ್ತಿದ್ದ ಟೆಂಪೋ ಬಂದು ಗುದ್ದಿತು. ಅಕ್ಕನಿಗೆ ಒಂದು ತರಚು ಗಾಯವೂ ಇಲ್ಲ. ನರ್ಸಿನ ಕುತ್ತಿಗೆಗೆ ಪಟ್ಟಿ ಬಂತು. ಇಳಿದು ನೋಡಿದರೆ ಖಾಲಿ ಚೀಲ.

ಅಂದಿನಿಂದ ಅಕ್ಕನ ಕಾಲು ಅಕ್ಕನ ಮಾತು ಕೇಳುವುದನ್ನು ಬಿಟ್ಟಿತು. ಎದುರಿಗೆ ಸೈಕಲ್ ಕಂಡರೆ ಬ್ರೇಕು, ನೆರಳು ಕಂಡರೆ ಬ್ರೇಕು, ಏನೂ ಕಾಣದಿದ್ದರೆ ಅನುಮಾನಕ್ಕೊಂದು ಬ್ರೇಕು. ಪಟ್ಟಿ ಬಿಚ್ಚಿದ ಮೇಲೆ ನರ್ಸು ಮತ್ತೆ ಬಂದಳು, "ಕಲಿತರೆ ಮೇಡಂ ಹತ್ರಾನೇ" ಎಂದು ಹಠ ಹಿಡಿದು. ಆ ಹುಡುಗಿಯ ನಿಷ್ಠೆಗೆ ಕೈ ಮುಗಿಯಬೇಕು. ಆದರೆ ಅವಳ ಕಾಲು ಬ್ರೇಕಿನ ಹತ್ತಿರ ಹೋಗುವುದರೊಳಗೆ ಅಕ್ಕನ ಕಾಲು ಕೆಲಸ ಮುಗಿಸಿರುತ್ತಿತ್ತು. ಹೀಗೇ ಕಲಿತು ಪರೀಕ್ಷೆಗೆ ಹೋದಳು. ಅಲ್ಲಿ ಪಕ್ಕದಲ್ಲಿ ಕೂರುವುದು ಇನ್‌ಸ್ಪೆಕ್ಟರು, ಅವನು ಕಾಲು ಅಲ್ಲಾಡಿಸುವುದಿಲ್ಲ. ನಿಲ್ಲಿಸಬೇಕಾದ ಗೆರೆ ಬಂತು, ಹುಡುಗಿ ಬ್ರೇಕಿನ ಮೇಲೆ ಮೆತ್ತಗೆ ಕಾಲಿಟ್ಟಳು, ಕಾರು ಗೆರೆ ದಾಟಿ ಸೀದಾ ಹೋಗಿ ಎದುರಿಗಿಟ್ಟಿದ್ದ ಡ್ರಮ್ಮಿಗೆ ಗುದ್ದಿತು. ಫೇಲು.

ಸಂಜೆ ಅಕ್ಕ ಬಂದು ನನ್ನ ಮಿಷಿನ್ ಪಕ್ಕ ಕೂತಳು. ನಾನು ಜಿಪ್ ಕೂರಿಸುತ್ತಿದ್ದೆ.

"ಅವಳು ಬೈದಿದ್ರೆ ಚೆನ್ನಾಗಿತ್ತು ಕಣೇ," ಅಂದಳು. "ಬೈಲಿಲ್ಲ. ಇಷ್ಟು ದಿನ ಗಾಡಿ ನಿಲ್ಲಿಸ್ತಿದ್ದಿದ್ದು ನಾನಾ, ನೀವಾ ಮೇಡಂ, ನಂಗೆ ಗೊತ್ತೇ ಆಗ್ಲಿಲ್ಲ ಅಂದ್ಲು. ಅಷ್ಟೇ ಅಂದಿದ್ದು."

"ಮಾಲೀಕ ಏನಂದ?"

"ಇನ್ನೊಂದು ಪರೀಕ್ಷೆ ನೋಡೋಣ, ಅದೂ ಹೋದ್ರೆ ನೀವು ಕೌಂಟರಲ್ಲಿ ಕೂತ್ಕೊಳ್ಳಿ ಮೇಡಂ, ಫೋನ್ ಎತ್ತಿ, ಫಾರಂ ತುಂಬಿ, ಕಾಲಿಗೂ ರೆಸ್ಟು ಅಂದ. ಪರೀಕ್ಷೆವರೆಗೂ ಮನೇಲಿರಿ ಅಂದ." ಕೆಳಗೆ ಬಿದ್ದಿದ್ದ ನೂಲಿನ ತುಂಡು ಹೆಕ್ಕುತ್ತಾ, "ಕೌಂಟರಲ್ಲಿ ಕೂರಿಸಿದ್ರೆ ನಾನು ಹುಚ್ಚಿ ಆಗ್ತೀನಿ" ಅಂದಳು. ಅವಳು ಅಳುವವಳಲ್ಲ. ಅತ್ತಿದ್ದರೆ ನನಗೂ ಸಮಾಧಾನ ಹೇಳಲು ಸುಲಭವಾಗುತ್ತಿತ್ತು.

ಮನೆಯಲ್ಲಿರಿ ಎಂದು ಹೇಳುವುದು ಸುಲಭ. ಅಕ್ಕನನ್ನು ಮನೆಯಲ್ಲಿಟ್ಟುಕೊಂಡವರ ಪಾಡು ಮಾಲೀಕನಿಗೇನು ಗೊತ್ತು? ತೊಳೆದ ಪಾತ್ರೆ ಮತ್ತೆ ತೊಳೆದಳು. ಕಪಾಟಿನ ಬಟ್ಟೆಯನ್ನೆಲ್ಲ ಕೆಳಗೆ ಸುರಿದು, ಮಡಚಿ, ಮತ್ತೆ ಸುರಿದಳು. ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುವ ಭಾವನಿಗೆ ಆ ಸದ್ದಿಗೆ ನಿದ್ದೆಯಿಲ್ಲ. ಕೊನೆಗೆ ನನ್ನ ಪಕ್ಕ ಬಂದು ಕೂತರೆ, ನಾನು ಉದ್ದದ ಹೊಲಿಗೆಯಲ್ಲಿ ಮಿಷಿನ್ ಜೋರು ಮಾಡಿದ ಕೂಡಲೇ ಅವಳ ಬಲಗಾಲು ನೆಲ ತುಳಿಯುತ್ತಿತ್ತು. ಒಮ್ಮೆಯಲ್ಲ, ಪ್ರತಿ ಹೊಲಿಗೆಗೂ. ನನ್ನ ತಲೆ ಚಿಟ್ಟು ಹಿಡಿದು ಹೋಯಿತು.

"ಅಕ್ಕಾ, ಇದು ಪರದೆ, ಯಾರ ಮೈಮೇಲೂ ಹತ್ತಲ್ಲ. ಕಾಲು ತೆಗಿ!" ಎಂದು ಕಿರುಚಿದೆ.

ಅವಳು ಕಾಲು ನೋಡಿಕೊಂಡಳು, ಅದು ಬೇರೆ ಯಾರದೋ ಅನ್ನುವಂತೆ. ನನಗೆ ಕೆಟ್ಟದೆನಿಸಿತು, ಆದರೂ ಮುಖ ಊದಿಸಿಕೊಂಡೇ ಇದ್ದೆ. ನಮ್ಮ ಮನೆಯಲ್ಲಿ ಯಾರೂ ತಕ್ಷಣಕ್ಕೆ ಸೋಲುವುದಿಲ್ಲ.

ಆಗ ನನ್ನ ಗಂಡ ಒಂದು ಉಪಾಯ ಮಾಡಿದ. ಅವನದು ಟೀವಿ ರಿಪೇರಿ ಅಂಗಡಿ. ಯಾರೋ ಬೇಡವೆಂದು ಬಿಟ್ಟುಹೋದ ಗೇಮ್ ಡಬ್ಬಿಯೊಂದನ್ನು ಸರಿಮಾಡಿ ತಂದು ಹಾಲಿನ ಟೀವಿಗೆ ಸಿಕ್ಕಿಸಿದ. "ಅತ್ತಿಗೆ, ಕೈಗೆ ಕೆಲಸ ಇದ್ರೆ ಕಾಲು ಸುಮ್ನಿರುತ್ತೆ" ಅಂದ. ಗಂಡಸರ ಬುದ್ಧಿ ನೋಡಿ, ಕಾರಿನಿಂದ ಕಂಗೆಟ್ಟವಳಿಗೆ ಕಾರಿನ ಆಟ. ಅದರೊಳಗೆ ಇದ್ದದ್ದು ಅದೊಂದೇ ಎಂದು ಆಮೇಲೆ ಹೇಳಿದ.

ಆಟವೆಂದರೆ ಇಷ್ಟು: ಒಂದು ಬೆಟ್ಟ, ನೆತ್ತಿಯಿಂದ ಬುಡದವರೆಗೆ ಹಾವಿನಂತೆ ಸುತ್ತಿದ ಒಂದು ರಸ್ತೆ, ಅದರಲ್ಲಿ ಜಿದ್ದಿಗೆ ಬಿದ್ದು ಇಳಿಯುವ ಕಾರುಗಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅಲ್ಲಿ ಯಾವಾಗಲೂ ಸಂಜೆಗೆಂಪು. ತಿರುವಿನಲ್ಲಿ ಕಾರು ಅಡ್ಡಡ್ಡ ಜಾರುತ್ತದೆ, ಟಯರಿನಿಂದ ಹೊಗೆ ಏಳುತ್ತದೆ, ಇಂಜಿನ್ನು ಅರಚುತ್ತದೆ. ಕೆಳಗೆ ಬಿದ್ದರೂ ಚಿಂತೆಯಿಲ್ಲ, ಕಣ್ಣು ಮಿಟುಕಿಸುವುದರೊಳಗೆ ಕಾರು ಮತ್ತೆ ರಸ್ತೆಯ ಮೇಲಿರುತ್ತದೆ.

ಅಕ್ಕ ಮೊದಲು ಆಡಿದಳು. ಬೆನ್ನು ನೆಟ್ಟಗೆ ಮಾಡಿ ಕೂತು, "ಇಂಡಿಕೇಟರ್ ಯಾವ ಗುಂಡಿ?" ಎಂದು ಕೇಳಿದಳು. ಇಲ್ಲ ಅಂದೆವು. "ಹಾರನ್ನು?" ಅದೂ ಇಲ್ಲ. ಮೊದಲ ತಿರುವಿನಲ್ಲಿ ಪೂರ್ತಿ ನಿಲ್ಲಿಸಿ ಎದುರಿಗೆ ಯಾರಾದರೂ ಬರುತ್ತಿದ್ದಾರಾ ನೋಡಿದಳು. ಅಷ್ಟರಲ್ಲಿ ಉಳಿದ ಕಾರುಗಳೆಲ್ಲ ಬೆಟ್ಟದ ಬುಡ ಸೇರಿ ಆಗಿತ್ತು. ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. "ಇವರಿಗೆಲ್ಲ ಲೈಸೆನ್ಸ್ ಕೊಟ್ಟೋರು ಯಾರು?" ಎಂದು ಅವಳು ಗುಂಡಿಗಳಿದ್ದ ಆಟದ ಹಿಡಿಯನ್ನು ಸೋಫಾದ ಮೇಲೆ ಎಸೆದಳು.

"ಕೊಡಿಲ್ಲಿ," ಅಂದಿತು ಮೂಲೆಯಿಂದ ಒಂದು ದನಿ.

ನಮ್ಮತ್ತೆ. ಜೀವಮಾನವಿಡೀ ಬಸ್ಸಿನ ಕಿಟಕಿಯ ಪಕ್ಕದಲ್ಲೋ, ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಹಾಕಿಕೊಂಡೋ ಕೂತು ಬಂದವರು. ಮಾವ ಬದುಕಿದ್ದಾಗ ಸೈಕಲ್ಲಿನ ಗಂಟೆಯನ್ನೂ ಇವರ ಕೈಗೆ ಕೊಟ್ಟವರಲ್ಲ. ಕನ್ನಡಕ ಒರೆಸಿಕೊಂಡು ಬಂದು ಕೂತರು. ಯಾವುದನ್ನು ಒತ್ತಿದರೆ ಓಡುತ್ತದೆ ಎಂದು ಮಾತ್ರ ಕೇಳಿದರು, ಒತ್ತಿದರು, ಬಿಡಲೇ ಇಲ್ಲ. ಕಾರು ಬಂಡೆಗೆ ಬಡಿಯಿತು, ಪ್ರಪಾತಕ್ಕೆ ಹಾರಿತು, ಎದುರಾಳಿಯ ಬೆನ್ನಿಗೆ ಗುದ್ದಿತು. ಅತ್ತೆ ಕ್ಯಾರೇ ಅನ್ನಲಿಲ್ಲ. ಬಿದ್ದಾಗಲೆಲ್ಲ "ಹೋಯ್ತಾ? ಹೋಗ್ಲಿ" ಅನ್ನುವುದು, ಮತ್ತೆ ಹೊರಡುವುದು.

ಪಕ್ಕದಲ್ಲಿ ಕೂತ ಅಕ್ಕನಿಗೆ ಜೀವ ಬಾಯಿಗೆ ಬಂದಿತ್ತು. ಕಾಲು ಚಾಪೆಯನ್ನು ತುಳಿದದ್ದೇ ತುಳಿದದ್ದು. "ಅತ್ತೇ, ಬ್ರೇಕು! ಅತ್ತೇ, ತಿರುವು!"

ಅತ್ತೆಯ ಪಿತ್ತ ನೆತ್ತಿಗೇರಿತು. "ನೀನು ಆ ಕಾಲು ತೆಗಿ ಮೊದಲು. ನೀನು ಒತ್ತಿದಾಗೆಲ್ಲ ನನ್ನ ಗಾಡಿ ನಿಧಾನ ಆಗ್ತಿದೆ!"

"ಅದು ಹೇಗಾಗುತ್ತೆ ಅತ್ತೆ, ನಾನು ನೆಲ ಒತ್ತಿದ್ರೆ?"

"ಅದೆಲ್ಲ ನಂಗೊತ್ತಿಲ್ಲ. ಆಗ್ತಿದೆ. ಕಾಲು ಮೇಲಿಟ್ಕೊಂಡು ಕೂತ್ಕೋ, ಇಲ್ಲಾಂದ್ರೆ ಎದ್ದು ಹೋಗು."

ಅಂದಿನಿಂದ ಅದೊಂದು ಕಟ್ಟಳೆಯೇ ಆಯಿತು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಬೆಟ್ಟ ಇಳಿಯುವುದು, ಅಕ್ಕ ಬಲಗಾಲು ಮಡಚಿ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂರುವುದು. ಎದ್ದು ಹೋಗಬಹುದಿತ್ತಲ್ಲ ಎಂದು ಕೇಳಬೇಡಿ, ಅವಳಿಂದ ಅದೂ ಆಗುತ್ತಿರಲಿಲ್ಲ. ಒಮ್ಮೆ ಎದ್ದು ಅಡುಗೆಮನೆಗೆ ಹೋದಳು, ಟಯರು ಅರಚಿದ ಸದ್ದಿಗೆ ಓಡಿ ಬಂದಳು. ತೊಡೆಯಡಿಯಿಂದ ಕಾಲು ಜಾರಿ ಜಾರಿ ನೆಲಕ್ಕೆ ಬರುತ್ತಿತ್ತು, ಎಳೆದು ಮತ್ತೆ ಸಿಕ್ಕಿಸಿಕೊಳ್ಳುತ್ತಿದ್ದಳು. ತೀರಾ ತಡೆಯದಾದಾಗ ಪಕ್ಕದಲ್ಲಿ ಅಂಚು ಹೊಲಿಯುತ್ತಿದ್ದ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಸೂಜಿ ನನ್ನ ಬೆರಳಿಗೇ ಚುಚ್ಚಿದ್ದುಂಟು. ಬೈಯಬೇಕೆಂದು ಬಾಯಿ ತೆರೆದರೂ ಅವಳ ಮುಖ ನೋಡಿ ಮತ್ತೆ ಸೂಜಿ ಹಿಡಿಯುತ್ತಿದ್ದೆ. ಆಟದ ಕಾರು ಬೀಳುವುದಕ್ಕೇ ಹೀಗೆ ನಡುಗುವವಳು ನಾಳೆ ನಿಜದ ಕಾರಿನಲ್ಲಿ ಹೇಗೆ ಕೂರುತ್ತಾಳೋ ಎಂದು ನನಗೆ ಹೆದರಿಕೆಯಾಯಿತು.

ಆ ಬೆಟ್ಟದಲ್ಲಿ ಕೆಂಪು ಫಲಕದ ತಿರುವು ಎಂದು ಒಂದಿತ್ತು. ಹೆಸರು ನಾವಿಟ್ಟದ್ದು. ಅಲ್ಲಿ ರಸ್ತೆ ಬಂದ ದಾರಿಗೇ ವಾಪಸು ಹೊರಟಂತೆ ತಿರುಗುತ್ತದೆ. ಅತ್ತೆ ಪ್ರತಿ ಸಲವೂ ಅಲ್ಲಿಂದ ನೇರವಾಗಿ ಪ್ರಪಾತಕ್ಕೆ ಹೋಗುತ್ತಿದ್ದರು. ಅಕ್ಕ ಹೇಳಿದ್ದನ್ನು ಕೇಳುತ್ತಿರಲಿಲ್ಲ, ನಾನು ಹೇಳಿದ್ದನ್ನಂತೂ ಮೊದಲೇ ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಕೆಂಪು ಫಲಕ ಹತ್ತಿರವಾಯಿತು. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಅತ್ತೆಯ ಎಡಗೈ ಬೆರಳು ಎಂದೂ ಮುಟ್ಟದ ಗುಂಡಿಯೊಂದನ್ನು ಗಪ್ಪನೆ ಒತ್ತಿ ಬಿಟ್ಟಿತು. ಕಾರು ಅಡ್ಡ ತಿರುಗಿ, ಅಂಚಿಗೆ ಹಿಂಚಕ್ರ ತಾಗಿಸಿ, ಹೊಗೆ ಎಬ್ಬಿಸುತ್ತಾ ಜಾರಿ, ಆ ಕಡೆ ನೆಟ್ಟಗೆ ನಿಂತು ಓಡಿತು.

ಅಕ್ಕ ಎದ್ದೇ ನಿಂತಳು. "ಅತ್ತೇ, ಬ್ರೇಕ್ ಹಾಕಿದ್ರಾ?"

"ಹಾಕ್ದೆ."

"ಯಾರು ಹೇಳಿಕೊಟ್ರು?"

"ಯಾರು ಹೇಳಿಕೊಡ್ತಾರೆ? ನಿಮ್ಮ ಮಾತು ಯಾರಿಗೆ ಅರ್ಥವಾಗುತ್ತೆ?" ಅತ್ತೆ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಎಷ್ಟು ಸಲ ಅಂತ ಬೀಳೋದು? ಬಿದ್ದೂ ಬಿದ್ದೂ ಸಾಕಾಯ್ತು, ಒತ್ತಿ ನೋಡ್ದೆ."

ಅಕ್ಕ ಹಾಲಿನ ಆ ತುದಿಯಿಂದ ಈ ತುದಿಗೆ ನಡೆದಳು, ಮತ್ತೆ ಈ ತುದಿಯಿಂದ ಆ ತುದಿಗೆ. ಆಮೇಲೆ ಬಂದು ನನ್ನೆದುರು ಕುಕ್ಕರಿಸಿ, "ನಾನು ಆ ಹುಡುಗಿಗೆ ಒಂದ್ಸಲಾನೂ ಬೀಳೋಕೆ ಬಿಟ್ಟಿಲ್ಲ ಕಣೇ" ಅಂದಳು.

"ಅದು ಆಟ ಅಕ್ಕಾ. ಅವಳು ಬಿದ್ರೆ ಮತ್ತೆ ರಸ್ತೆ ಮೇಲೆ ತಂದಿಡೋರು ಯಾರು?"

"ಗೊತ್ತು," ಅಂದಳು. "ಅದೇ ಭಯ."

ಪರೀಕ್ಷೆಯ ವಾರ ಬಂತು. ಪರೀಕ್ಷೆಗೆ ಮೊದಲು ಒಂದು ಸಲ ಗುಡ್ಡದ ರಸ್ತೆಯಲ್ಲಿ ನರ್ಸನ್ನು ಅಭ್ಯಾಸಕ್ಕೆ ಕರೆದೊಯ್ಯಲು ಮಾಲೀಕ ಒಪ್ಪಿದ. ಅಲ್ಲಿನ ಕಲ್ಲುಗಣಿ ಮುಚ್ಚಿದ ಮೇಲೆ ಅತ್ತ ವಾಹನಗಳ ಸುಳಿವಿಲ್ಲ. ಹಿಂದಿನ ಸೀಟು ಹೇಗೂ ಖಾಲಿ ಎಂದು ಗೊತ್ತಾದದ್ದೇ ತಡ ಅತ್ತೆ ಚಪ್ಪಲಿ ಮೆಟ್ಟಿದರು. "ಆಟದಲ್ಲಿರೋ ಹಾಗೇ ಇದೆಯಾ ನೋಡ್ಬೇಕು." ಅವರನ್ನು ಹಿಡಿದುಕೊಳ್ಳಲು ನಾನು. ಹೀಗೆ ಹೊರಟಿತು ನಮ್ಮ ದಂಡು.

ಹತ್ತುವಾಗ ಏನೂ ಆಗಲಿಲ್ಲ. ನರ್ಸಿಗೆ ಕೈ ಚೆನ್ನಾಗಿತ್ತು, ಗೇರು ಬದಲಿಸುವಾಗ ಕಾರು ಕೆಮ್ಮುತ್ತಿರಲಿಲ್ಲ. ಆದರೆ ಅಕ್ಕನ ಕಾಲು ಕೆಳಗೆ ಕೆಲಸ ಮಾಡುತ್ತಲೇ ಇತ್ತು, ಕಾರು ಸುಮ್ಮಸುಮ್ಮನೆ ತಡವರಿಸುತ್ತಿತ್ತು. ಪ್ರತಿ ಸಲವೂ ನರ್ಸು ಪಕ್ಕಕ್ಕೆ ಕಣ್ಣು ಹಾಯಿಸಿ, "ಸಾರಿ ಮೇಡಂ" ಅನ್ನುತ್ತಿದ್ದಳು. ಅವಳ ತಪ್ಪಿಲ್ಲದೆ ಅವಳು ಕೇಳುತ್ತಿದ್ದ ಆ ಕ್ಷಮೆ ಅಕ್ಕನಿಗೆ ಚುಚ್ಚುತ್ತಿದ್ದದ್ದು ಹಿಂದೆ ಕೂತ ನನಗೂ ಗೊತ್ತಾಗುತ್ತಿತ್ತು. ಗುಡ್ಡದ ನೆತ್ತಿಯಲ್ಲಿ ನರ್ಸು ಕಾರು ತಿರುಗಿಸಿ ನಿಲ್ಲಿಸಿದಳು. ಅಕ್ಕ ಬಾಗಿಲು ತೆಗೆದು ಇಳಿದು, ಗಾಳಿ ಕುಡಿದು, ಮತ್ತೆ ಕೂತಳು.

"ಈಗ ಇಳಿಯೋದು," ಅಂದಳು ನರ್ಸಿಗೆ. "ನಿಧಾನಕ್ಕೆ. ಎರಡನೇ ಗೇರು. ನಾನೇನೂ ಮಾತಾಡಲ್ಲ."

"ಸರಿ ಮೇಡಂ."

ಅಕ್ಕ ಒಂದು ಚಪ್ಪಲಿ ಬಿಟ್ಟಳು. ಬಲಗಾಲು ಎತ್ತಿ ಮಡಚಿ ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು, ನಮ್ಮ ಹಾಲಿನ ಸೋಫಾದ ಮೇಲೆ ಕೂರುವ ಹಾಗೆಯೇ. ರಸ್ತೆ ನೋಡುತ್ತಿದ್ದ ನರ್ಸು ಅದನ್ನು ಗಮನಿಸಲಿಲ್ಲ. ನಾನು ನೋಡಿದೆ. ಆಮೇಲೆ ಅಕ್ಕ ಸೀಟಿನ ಸಂದಿಯಿಂದ ಕೈಯನ್ನು ಹಿಂದಕ್ಕೆ ಚಾಚಿದಳು. ಹ್ಯಾಂಡ್‌ಬ್ರೇಕಿನ ಹತ್ತಿರ ಬಿಟ್ಟರೆ ಆ ಕೈಯೂ ಮಾತು ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹಿಡಿದುಕೊಂಡೆ. ಒದ್ದೆಯಾಗಿತ್ತು.

ಕಾರು ಇಳಿಯತೊಡಗಿತು. ಮೊದಲ ತಿರುವಿನಲ್ಲಿ ನರ್ಸು ಬ್ರೇಕಿನ ಮೇಲೆ ಕಾಲಿಟ್ಟಳು, ಕಾರು ನಿಧಾನವಾಯಿತು. ಎರಡನೆಯದರಲ್ಲೂ ಆಯಿತು. ಅಕ್ಕನ ಉಗುರು ನನ್ನ ಅಂಗೈಗೆ ಊರಿತ್ತು. ಮೂರನೆಯ ತಿರುವು ನೋಡಿದ ಕೂಡಲೇ ಅತ್ತೆ, "ಕೆಂಪು ಫಲಕ!" ಎಂದು ಉದ್ಗರಿಸಿದರು. ನಿಜ, ಹಾಗೇ ಇತ್ತು, ಫಲಕವೊಂದಿರಲಿಲ್ಲ ಅಷ್ಟೇ. ಪ್ರಪಾತದ ಬದಿಗೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಅತ್ತೆಯ ಕೂಗಿಗೋ ಏನೋ, ನರ್ಸು ಒಂದು ಉಸಿರು ತಡಮಾಡಿದಳು. ಅಭ್ಯಾಸಬಲದಿಂದ ಅವಳ ಕಾಲು ಬ್ರೇಕಿನ ಮೇಲೆ ಮೆತ್ತಗೆ ಕೂತು ಅಕ್ಕನ ಕಾಲಿಗಾಗಿ ಕಾಯಿತು. ಆ ಕಾಲು ಬರಲಿಲ್ಲ. ಕಟ್ಟೆ ನಮ್ಮತ್ತ ಬರುತ್ತಲೇ ಇತ್ತು. ಅಕ್ಕನ ಮೈ ಸೀಟಿನಿಂದ ಅರ್ಧ ಎದ್ದಿತು, ಕಾಲು ಮಾತ್ರ ತೊಡೆಯಡಿಯಲ್ಲೇ ಇತ್ತು. ನಾನು ಕಣ್ಣು ಮುಚ್ಚಿದೆ. ನನ್ನೆರಡೂ ಕಾಲು ನನ್ನನ್ನು ಕೇಳದೆ ಮುಂದಿನ ಸೀಟಿನ ಬುಡವನ್ನು ತುಳಿದವು.

ಟಯರು ಕಿರ್ರೆಂದಿತು. ಟಕ್ಕೆಂದು ಒಂದು ಸಣ್ಣ ಸದ್ದು. ಆಮೇಲೆ ಇಂಜಿನ್ ಆಫ್ ಆಗಿ ಎಲ್ಲ ಸ್ತಬ್ಧ.

ಕಣ್ಣು ಬಿಟ್ಟಾಗ ಬಂಪರಿನ ಮೂಲೆ ಕಟ್ಟೆಗೆ ತಾಗಿಕೊಂಡು ನಿಂತಿತ್ತು, ಗೋಡೆಗೆ ಹಣೆ ಇಟ್ಟವರ ಹಾಗೆ. ನರ್ಸು ಎರಡೂ ಕೈಯಲ್ಲಿ ಹಿಡಿದ ಸ್ಟೀರಿಂಗ್ ಇನ್ನೂ ಬಿಟ್ಟಿರಲಿಲ್ಲ.

"ಸಾರಿ ಮೇಡಂ. ನೀವು ನಿಲ್ಲಿಸ್ದೇ ಇದ್ದಿದ್ರೆ..."

"ನನ್ನ ಕಾಲು ನೋಡು," ಅಂದಳು ಅಕ್ಕ.

ನರ್ಸು ಬಗ್ಗಿ ನೋಡಿದಳು. ಎರಡನೇ ಬ್ರೇಕಿನ ಪಕ್ಕ ಖಾಲಿ ಚಪ್ಪಲಿಯೊಂದು ಬಿದ್ದಿತ್ತು. ಅಲ್ಲಿಂದ ಅವಳ ಕಣ್ಣು ಮಡಚಿದ ಕಾಲಿಗೆ ಬಂತು, ಅಲ್ಲಿಂದ ನನ್ನ ಕೈಯೊಳಗಿದ್ದ ಅಕ್ಕನ ಕೈಗೆ.

"ಹಂಗಾದ್ರೆ... ನಾನಾ?"

"ಇನ್ಯಾರು?" ಅಂದಳು ಅಕ್ಕ. ನಗುತ್ತಾ ಇದ್ದಳು, ಅಷ್ಟರಲ್ಲೇ ಅವಳ ಕಣ್ಣಿಂದ ನೀರಿಳಿಯಿತು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ತಡೆಯಲಾಗಲಿಲ್ಲ. ನಾವು ಮೂವರೂ ಮೂಗೊರೆಸಿಕೊಳ್ಳುತ್ತಿರುವುದನ್ನು ನೋಡಿ ಅತ್ತೆಗೆ ಸಹನೆ ಕೆಟ್ಟಿತು.

"ಆಯ್ತಲ್ಲ, ನಿಂತಿತಲ್ಲ! ಸ್ಟಾರ್ಟ್ ಮಾಡಮ್ಮ, ಇನ್ನೂ ಅರ್ಧ ಬೆಟ್ಟ ಇದೆ." ಆಮೇಲೆ ನನ್ನ ಕಡೆ ತಿರುಗಿ, "ನೀನು ಆ ಕಾಲು ತೆಗಿ. ಆ ಹುಡುಗಿ ಗಾಡಿ ನಿಧಾನ ಆಗುತ್ತೆ" ಅಂದರು.

ಕೆಳಗಿಳಿದು ಬಂದಾಗ ಮಾಲೀಕ ಸ್ಕೂಲಿನ ಬಾಗಿಲಲ್ಲೇ ನಿಂತಿದ್ದ. ಅವನ ಕಣ್ಣು ಮೊದಲು ಹೋದದ್ದು ಬಂಪರಿಗೆ. ಬಗ್ಗಿ, ಬೆರಳಿಂದ ಆ ಗೀರನ್ನು ಸವರಿ, ಮುಖ ಸಿಂಡರಿಸಿ, "ಏನಿದು ಮೇಡಂ?" ಅಂದ.

ಅಕ್ಕ ಇಳಿದಳು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ.

"ಗೀಚಿದ್ದು ಇವಳೇ," ಅಂದಳು. "ನಿಲ್ಲಿಸಿದ್ದೂ ಇವಳೇ. ನಾಳೆ ಬೆಳಿಗ್ಗೆ ನನ್ನ ಸೀಟಿಗೆ ಇನ್ನೊಬ್ಬರನ್ನ ಹಾಕ್ಬೇಡಿ, ನಾನು ಬರ್ತೀನಿ."